ಪೋಸ್ಟಿನವರು ಹಾಡದ ಚರಣ

ಹೋದ ತಿಂಗಳು ಮಗಳಿಗೆ ಐರ್ಲೆಂಡಿನ ದಕ್ಷಿಣ ತುದಿಯ ರಿಂಗಾಸ್ಕಿಡಿಯ ಔಷಧ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಬಟ್ಟೆಬರೆ ತುಂಬಿಕೊಳ್ಳಲು ದೊಡ್ಡ ಸೂಟ್‌ಕೇಸ್ ಬೇಕು ಎಂದಳು. ಬೀರುವಿನ ಮೇಲಿದ್ದ ನನ್ನ ಹಳೆಯದನ್ನು ಇಳಿಸಿ ಜಿಪ್ ಎಳೆದೆ. ಒಳಗಿನಿಂದ ಒಂದು ವಾಸನೆ ಎದ್ದು ಬಂತು. ನೆನೆದ ಸುಣ್ಣಕಲ್ಲು, ಒದ್ದೆಯಾಗಿ ಒಣಗಿದ ಕಾರ್ಪೆಟ್ಟು, ಅದರ ನಡುವೆ ಎಲ್ಲೋ ಅಮ್ಮನ ಸಾರಿನಪುಡಿ... ಇಷ್ಟು ವರ್ಷವಾದರೂ ಹೋಗಿರಲಿಲ್ಲ. ನಾನು ಹಾಗೇ ನೆಲದ ಮೇಲೆ ಕುಳಿತುಬಿಟ್ಟೆ.

"ಮಾಮ್, ಆರ್ ಯು ಆಲ್‌ರೈಟ್?" ಎಂದಳು ಮಗಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಗಾಲ್ವೇ ಇಂಗ್ಲಿಷಿನಲ್ಲಿ ಬರುತ್ತದೆ.

"ಏನಿಲ್ಲ ಪುಟ್ಟಿ, ಗ್ರಾಂಡ್ ಇದೀನಿ" ಎಂದೆ. ಚೆನ್ನಾಗಿದೆ ಎನ್ನಲು ಇಲ್ಲಿನವರು ಆಡುವ ಆ ಪದವನ್ನು ನನಗೆ ಕಲಿಸಿದವರ ಮೇಲೆಯೇ ಆ ಹೊತ್ತಿಗೆ ಕೋಪ ಉಕ್ಕುತ್ತಿತ್ತು. ಸತ್ತವರ ಮೇಲೆ ಕೋಪ ಇಟ್ಟುಕೊಳ್ಳಬಾರದಂತೆ. ನನಗೆ ಆ ದೊಡ್ಡತನ ಬಂದಿಲ್ಲ, ಬರುವ ಲಕ್ಷಣವೂ ಕಾಣುತ್ತಿಲ್ಲ.

ಅವರನ್ನು ನಾವು ಪೋಸ್ಟಿನವರು ಎನ್ನುತ್ತಿದ್ದೆವು. ಹೆಸರು ಗೊತ್ತಿರಲಿಲ್ಲವೆಂದಲ್ಲ, ಮೈಸೂರಿನ ನಾಲಗೆಗೆ ಅದು ಸರಿಯಾಗಿ ಹೊರಳುತ್ತಿರಲಿಲ್ಲ. ನಾವು ಐರ್ಲೆಂಡಿಗೆ ಬಂದದ್ದು ಪತ್ರಿಕೆಗಳೆಲ್ಲ ದಿಢೀರನೆ ಹಣ ಕಂಡ ಈ ದೇಶವನ್ನು ಕೆಲ್ಟಿಕ್ ಟೈಗರ್ ಎಂದು ಬರೆದುಕೊಂಡು ಬೀಗುತ್ತಿದ್ದ ಕಾಲದಲ್ಲಿ. ನನ್ನ ಗಂಡ ಗಾಲ್ವೇ ಆಸ್ಪತ್ರೆಯಲ್ಲಿ ಅರಿವಳಿಕೆಯ ಡಾಕ್ಟರ್. ಪೇಟೆಯೊಳಗೆ ಬಾಡಿಗೆಗೆ ಮನೆ ಸಿಗುವುದು ಲಾಟರಿ ಹೊಡೆದಂತೆ. ಕೊನೆಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಒಂದು ಹಳ್ಳಿಯಲ್ಲಿ, ಚರ್ಚಿನ ಹಿಂದೆ, ಅರ್ಧ ಮನೆ ಸಿಕ್ಕಿತು. ನನಗೆ ಹತ್ತಿರದ ಕಾರ್ಖಾನೆಯಲ್ಲಿ ಕೆಲಸವಾಯಿತು. ಹೃದಯದ ರಕ್ತನಾಳದೊಳಗೆ ತೂರಿಸುವ ಸಣ್ಣ ಕೊಳವೆಗಳನ್ನು ಅಲ್ಲಿ ಮಾಡುತ್ತಿದ್ದರು. ಅದರ ತುದಿಯ ಬಲೂನಿಗೆ ಗಾಳಿ ತುಂಬಿ, ನೀರಿನಲ್ಲಿ ಮುಳುಗಿಸಿ, ಗುಳ್ಳೆ ಏಳುತ್ತದೆಯೇ ಎಂದು ನೋಡುವುದು ನನ್ನ ಕೆಲಸ. ದಿನಕ್ಕೆ ಎಂಟು ಗಂಟೆ ಸೋರುವುದನ್ನು ಹಿಡಿಯುವ ಹೆಂಗಸು ಮನೆ ಕೊಂಡದ್ದು ಎಂಥ ಜಾಗದಲ್ಲಿ ಎಂದು ಕೇಳಿದರೆ ನಗು ಬರುತ್ತದೆ. ಆ ಮಾತು ಆಮೇಲೆ.

ಪೋಸ್ಟಿನವರು ಮೊದಲ ಸಲ ಬಾಗಿಲು ತಟ್ಟಿದ್ದು ಅಮ್ಮ ಕಳಿಸಿದ ಪಾರ್ಸೆಲ್ ಹಿಡಿದು. ನಮ್ಮ ಕಡೆ ಪಾರ್ಸೆಲ್ಲನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಸೂಜಿದಾರದಿಂದ ಹೊಲಿಯುತ್ತಾರಲ್ಲ, ಅದನ್ನು ಅವರು ಜೀವಮಾನದಲ್ಲಿ ಕಂಡಿರಲಿಲ್ಲ. ಎತ್ತರದ ಆಳು, ಕೆಂಪು ಕೆನ್ನೆ, ಅರವತ್ತಕ್ಕೆ ಇನ್ನೂ ಎರಡು ಮೂರು ವರ್ಷವಿತ್ತು. ಪಾರ್ಸೆಲ್ಲನ್ನು ಮಗುವಿನಂತೆ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು.

"ಇದನ್ನ ಹೊಲಿದೋರು ಯಾರು ಮಿಸೆಸ್?" ಎಂದರು. ಅವರು ಆಡಿದ್ದು ಅವರ ಇಂಗ್ಲಿಷಿನಲ್ಲಿ. ನನ್ನ ಕಿವಿಯಲ್ಲಿ ಅದು ನಮ್ಮ ಮಾತಾಗಿಯೇ ಉಳಿದಿದೆ.

ನಮ್ಮಮ್ಮ ಎಂದೆ. ತಮ್ಮ ವ್ಯಾನಿನಲ್ಲಿ ಬೆಳಗಿನಿಂದ ಈ ಘಮ ತುಂಬಿದೆ, ಒಳಗೇನಿದೆ ಎಂದು ತಿಳಿಯದೆ ಹೋದರೆ ತಮಗೆ ನಿದ್ದೆ ಬರುವುದಿಲ್ಲ ಎಂದರು. ಸಾರಿನಪುಡಿ ತೋರಿಸಿದೆ, ಕೋಡುಬಳೆ ಕೊಟ್ಟೆ. ಬೇಡ ಎಂದರು. ಮತ್ತೆ ಹೇಳಿದೆ, ಬೇಡವೇ ಬೇಡ ಎಂದರು. ಮೂರನೆಯ ಸಲ ಹೇಳಿದ್ದಕ್ಕೆ ಕುರ್ಚಿ ಎಳೆದುಕೊಂಡು ಕುಳಿತು ಆರು ತಿಂದರು. ಥೇಟ್ ಮೈಸೂರಿನವರೇ ಎಂದುಕೊಂಡೆ. ಅಲ್ಲಿಂದ ವಾರಕ್ಕೆರಡು ದಿನ, ಸರದಿಯ ಮನೆಗಳನ್ನೆಲ್ಲ ಮುಗಿಸಿ, ನಮ್ಮ ಅಡುಗೆಮನೆಯಲ್ಲಿ ಚಹಾ ಕುಡಿದು ಹೋಗುವುದು ರೂಢಿಯಾಯಿತು.

ಅವರು ಹಾಡು ಕಟ್ಟುತ್ತಾರೆ ಎಂದು ತಿಳಿದದ್ದು ಒಂದು ತಿಂಗಳಾದ ಮೇಲೆ. ಈ ಕಡೆಯ ಹಳ್ಳಿಗಳಲ್ಲಿ ಕಂಟ್ರಿ ಮ್ಯೂಸಿಕ್ ಎಂದರೆ ಜನ ಪ್ರಾಣ ಬಿಡುತ್ತಾರೆ. ಧಾಟಿ ಅಮೆರಿಕದ್ದು, ಒಳಗಿರುವ ಹೊಲ, ಗೇಟು, ತಾಯಿ, ರೈಲು ಎಲ್ಲ ಇಲ್ಲಿಯದು. ಮೈಸೂರಿನಲ್ಲಿ ಐದು ವರ್ಷ ಸಂಗೀತ ಕಲಿತ ಜಂಬ ನನಗಿತ್ತು. ಹತ್ತು ಹಾಡಿಗೂ ಒಂದೇ ರಾಗ ಅಲ್ಲವೇ ಎಂದು ರೇಗಿಸಿದೆ. ಗಿಟಾರಿನ ತಂತಿಯ ಮೇಲೆ ತಮಗೆ ಬರುವುದು ಬೆರಳಿನ ಮೂರೇ ಪಟ್ಟು, ಒಬ್ಬ ಮನುಷ್ಯನಿಗೆ ಅಷ್ಟು ಧಾರಾಳವಾಯಿತು ಎಂದರು.

ಅವರ ಕಥೆ ಕಂತುಕಂತಾಗಿ ಹೊರಬಂತು. ಹದಿನೇಳನೆಯ ವಯಸ್ಸಿಗೆ ಹಾಡು ಕಟ್ಟಲು ಶುರು. ಆಗ ಊರೂರಿನಲ್ಲೂ ಡಾನ್ಸ್ ಹಾಲ್, ಸೂಟು ತೊಟ್ಟ ಬ್ಯಾಂಡಿನವರು ವ್ಯಾನಿನಲ್ಲಿ ಬಂದು ಹಾಡಿ ಹೋಗುತ್ತಿದ್ದರು. ಇವರು ಹಿಂಬಾಗಿಲಲ್ಲಿ ಕಾದು ನಿಂತು, ಡ್ರಮ್ಮು ವ್ಯಾನಿಗೆ ಏರಿಸುವಷ್ಟರಲ್ಲಿ, ಗಾಯಕನಿಗೆ ತಮ್ಮ ಹಾಡು ಹೇಳಿ ತೋರಿಸಬೇಕು. ಹಿಡಿಸಿದರೆ ಅವನು ತೆಗೆದುಕೊಂಡು ಹೋಗುತ್ತಿದ್ದ. ಒಂದು ಹಾಡಿಗೆ ಒಂದು ಊಟ, ಇನ್ನೊಂದಕ್ಕೆ ಒಂದು ಜೊತೆ ಬೂಟು. ರೆಕಾರ್ಡಿನ ಮೇಲೆ ಹಾಡಿದವರ ಜಾಗದಲ್ಲೂ ಅವನ ಹೆಸರೇ, ಕಟ್ಟಿದವರ ಜಾಗದಲ್ಲೂ ಅವನ ಹೆಸರೇ. ಅವುಗಳಲ್ಲಿ ಒಂದು ಹಾಡು ದೇಶದ ಮದುವೆಗಳಿಗೆಲ್ಲ ಹಬ್ಬಿತು. ಪೋಸ್ಟಿನವರ ತಂಗಿಯ ಮದುವೆಯಲ್ಲೂ ಅದನ್ನು ಬಾರಿಸಿದರಂತೆ. ಇದು ನನ್ನದು ಎಂದು ಇವರು ಹೇಳಿದ್ದಕ್ಕೆ ಗಂಡಿನ ಕಡೆಯ ಹಿರಿಯರೊಬ್ಬರು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ.

ಆಮೇಲೆ ನಾಲ್ಕು ವರ್ಷ ಇಂಗ್ಲೆಂಡಿನಲ್ಲಿ ಕಟ್ಟಡದ ಕೂಲಿ. ಊರಿನ ನೆನಪಿನ ಹಾಡುಗಳೆಲ್ಲ ಅಲ್ಲಿಯೇ ಹುಟ್ಟಿದ್ದು. ತಿರುಗಿ ಬಂದ ಮೇಲೆ ಒಂದೂ ಬರಲಿಲ್ಲ, ಊರಿನಲ್ಲಿದ್ದುಕೊಂಡು ಊರಿಗಾಗಿ ಅಳುವುದು ಹೇಗೆ ಎಂದು ಕೇಳುತ್ತಿದ್ದರು. ಪೋಸ್ಟಿನ ಕೆಲಸ ಸಿಕ್ಕಿತು. ಮೊದಲ ವರ್ಷವೇ ಆ ಮದುವೆ ಹಾಡಿನ ರೆಕಾರ್ಡನ್ನು ಜನ ಅಂಚೆಯಲ್ಲಿ ತರಿಸಿಕೊಂಡರು. ಮನೆಮನೆಗೂ ಅದನ್ನು ತಲುಪಿಸಿದವರು ಇವರೇ. ಇದನ್ನು ಹೇಳುವಾಗ ಅವರು ನಗುತ್ತಿದ್ದರು. ನಾನು ಮಾತ್ರ ಬಿಟ್ಟಿರಲ್ಲಾ ಎಂದು ಜಗಳಕ್ಕೇ ಹೋದೆ. ಹಾಡು ಆಚೆ ಹೋಯಿತಲ್ಲ, ಅಷ್ಟು ಸಾಕು ಎಂದರು. ಅಷ್ಟು ಸಾಕಾಗಿರಲಿಲ್ಲ ಎಂದು ಆಗಲೇ ನನಗೆ ತಿಳಿಯಬೇಕಿತ್ತು.

ಅವರು ಹಾಡು ಕಟ್ಟುವ ರೀತಿ ಬೇರೆಯೇ. ಕಾಗದ, ಪೆನ್ನು ಮುಟ್ಟುತ್ತಿರಲಿಲ್ಲ. ಬೆಳಗಿನ ಸರದಿಯಲ್ಲಿ ಒಂದು ಗೇಟಿಗೆ ಒಂದು ಸಾಲು. ಗೇಟು ತೆಗೆದು ಮುಚ್ಚುವಷ್ಟರಲ್ಲಿ ಸಾಲು ಕೂರಬೇಕು. ಕೊನೆಯ ಮನೆ ತಲುಪುವ ಹೊತ್ತಿಗೆ ಯಾವ ಸಾಲು ಮರೆತುಹೋಯಿತೋ ಅದು ಹಾಡಿಗೆ ಬೇಕಿರಲಿಲ್ಲ ಎಂದು ಲೆಕ್ಕ. ಹಾಡಾದ ಮೇಲೆ ಆ ಜಾಗವನ್ನು ನೋಡದವರೊಬ್ಬರ ಮುಂದೆ ಹಾಡಬೇಕು. ಕೇಳಿದವರಿಗೆ ದಾರಿ ಕಂಡರೆ ಹಾಡು ಸರಿ, ಕಾಣದಿದ್ದರೆ ಸುಳ್ಳು ಸೇರಿದೆ ಎಂದರ್ಥ. ಊರಿಗೇ ಹೊಸಬಳು ನಾನು. ಹೀಗಾಗಿ ಎಷ್ಟೋ ವರ್ಷದ ಮೇಲೆ ಅವರಿಗೆ ತಕ್ಕ ಕೇಳುವವಳೊಬ್ಬಳು ಸಿಕ್ಕಿದ್ದಳು. ಒಗ್ಗರಣೆ ಹಾಕುತ್ತಾ ಕೇಳುತ್ತಿದ್ದೆ. ಹಳೆಯ ಹಾಡುಗಳನ್ನು ಎಂದೂ ಹಾಡುತ್ತಿರಲಿಲ್ಲ, ಅವು ಪರರ ಪಾಲಾದವು ಎನ್ನುತ್ತಿದ್ದರು.

ಅವರ ಹಾಡು ಎಷ್ಟು ನಿಜ ಎಂಬುದಕ್ಕೆ ನಾನೇ ಸಾಕ್ಷಿ. ಒಂದು ದಿನ ಕಾರ್ಖಾನೆಯ ಗೆಳತಿಯೊಬ್ಬಳ ತೋಟದ ಮನೆಗೆ ಹೊರಟು ದಾರಿ ತಪ್ಪಿದೆ. ಬೋರ್ಡಿಲ್ಲ, ಕೇಳಲು ನರಪಿಳ್ಳೆಯಿಲ್ಲ. ಪೋಸ್ಟಿನವರ ಹಾಡೊಂದರಲ್ಲಿ ಅದೇ ರಸ್ತೆ ಬರುತ್ತದೆ ಎಂದು ಹೊಳೆಯಿತು. ಹಾಡು ಗುನುಗಿಕೊಂಡೇ ಹೋದೆ. ತುಕ್ಕು ಹಿಡಿದ ಬೋರಿನ ಹತ್ತಿರ ಎಡಕ್ಕೆ, ಹೆಂಚಿಲ್ಲದ ಮನೆ ದಾಟಿ, ಎರಡು ಮುಳ್ಳುಮರದ ನಡುವೆ... ಗೆಳತಿ ಬಾಗಿಲಲ್ಲೇ ನಿಂತಿದ್ದಳು. ಅಂದಿನಿಂದ ಅವರ ಹಾಡಿನಲ್ಲಿದ್ದರೆ ಊರಿನಲ್ಲಿದೆ ಎಂದೇ ನನ್ನ ನಂಬಿಕೆ. ಹಾಡಿನಲ್ಲಿಲ್ಲದ್ದು ಊರಿನಲ್ಲೂ ಇಲ್ಲ ಎಂದು ನಂಬಿದ್ದು ನನ್ನ ಪೆದ್ದುತನ.

ಇನ್ನು ಅಕ್ಕನ ವಿಷಯ ಹೇಳಬೇಕು. ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಬೆಂಗಳೂರಿನಿಂದ ಬಂದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರ ಹೆಂಡತಿ, ಹುಟ್ಟಿದ್ದು ಮೈಸೂರಿನಲ್ಲಿ, ನನಗಿಂತ ಎಂಟು ವರ್ಷ ದೊಡ್ಡವರು. ಮಗಳು ಹುಟ್ಟುವ ಹೊತ್ತಿಗೆ ಅಮ್ಮನಿಗೆ ವೀಸಾ ಸಿಗಲಿಲ್ಲ. ತಮ್ಮ ಎರಡು ಮಕ್ಕಳನ್ನೂ ಕಟ್ಟಿಕೊಂಡು ಗಾಲ್ವೇಯ ಪುಟ್ಟ ಫ್ಲಾಟಿನಿಂದ ದಿನಾ ಬಸ್ಸಿನಲ್ಲಿ ಬಂದು ನನ್ನ ಬಾಣಂತನ ಮಾಡಿದವರು ಅಕ್ಕ. ಬಿಸಿನೀರು ಹುಯ್ದು, ಮೆಣಸಿನ ಸಾರು ಉಣ್ಣಿಸಿ, ಕಾಲು ನೀವಿ, ನಾನು ಸುಮ್ಮಸುಮ್ಮನೆ ಅತ್ತಾಗ ಬೈದು... ತಾಯಿ ಮಾಡುವುದನ್ನೆಲ್ಲ ಮಾಡಿದರು. ಇವರ ಋಣ ಹೇಗೆ ತೀರಿಸುವುದು ಎಂದು ನಾನು ಆಗಾಗ ಅಂದುಕೊಳ್ಳುತ್ತಿದ್ದೆ.

ಹಳ್ಳಿಯ ಅಂಚಿನಲ್ಲಿ ಒಂದು ಹುಲ್ಲುಗಾವಲು. ಅಲ್ಲಿ ಇಪ್ಪತ್ತು ಹೊಸ ಮನೆಗಳು ಏಳುತ್ತವೆ ಎಂದು ಸುದ್ದಿಯಾಯಿತು. ಆಗಿನ ಕಾಲ ಹೇಗಿತ್ತೆಂದರೆ, ಮನೆ ಇನ್ನೂ ನಕ್ಷೆಯಲ್ಲಿರುವಾಗಲೇ ಜನ ಬೆಳಗಾಗುವ ಮೊದಲೇ ಸಾಲು ನಿಂತು ಬುಕ್ ಮಾಡುತ್ತಿದ್ದರು. ಇವತ್ತು ಬಿಟ್ಟರೆ ಇನ್ನೆಂದೂ ಇಲ್ಲ ಎಂದು ಆಸ್ಪತ್ರೆಯಲ್ಲಿ, ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಅದೇ. ನಮಗೂ ಆಸೆ ಹತ್ತಿತು. ಅಕ್ಕನವರಿಗೂ ಹತ್ತಿತು. ಪಕ್ಕಪಕ್ಕದ ಎರಡು ಮನೆ ಎಂದು ನಾನು ಮನಸ್ಸಿನಲ್ಲೇ ಗೃಹಪ್ರವೇಶ ಮಾಡಿ ಮುಗಿಸಿದ್ದೆ. ಅಕ್ಕ ಮಾತ್ರ ಹುಷಾರಿನ ಹೆಂಗಸು.

"ನೀನು ಆ ಊರಲ್ಲೇ ಇದೀಯಲ್ಲ, ಗೊತ್ತಿರೋರನ್ನ ಯಾರಾದ್ರೂ ವಿಚಾರಿಸು. ನೀನು ಸರಿ ಅಂದ್ರೆ ನಮಗೂ ಸರಿ" ಎಂದರು ಫೋನಿನಲ್ಲಿ.

ಗೊತ್ತಿರುವವರೆಂದರೆ ಪೋಸ್ಟಿನವರಿಗಿಂತ ಬೇಕೆ? ಮರುದಿನ ಚಹಾ ಬಗ್ಗಿಸುತ್ತಾ ಕೇಳಿದೆ. ಈ ಊರಿನ ಒಂದೊಂದು ಗೇಟೂ ನಿಮಗೆ ಗೊತ್ತು, ಆ ಜಾಗ ಹೇಗೆ, ನಾವು ತೆಗೆದುಕೊಳ್ಳಬಹುದಾ ಎಂದೆ. ಅವರು ಲೋಟದೊಳಗೆ ನೋಡುತ್ತಾ ಸಕ್ಕರೆ ಕಲಕಿದರು. ಸಕ್ಕರೆ ಕರಗಿ ಎಷ್ಟೋ ಹೊತ್ತಾದರೂ ಕಲಕುತ್ತಲೇ ಇದ್ದರು.

"ಗ್ರಾಂಡ್ ಜಾಗ ಮಿಸೆಸ್. ಬೆಳಗಿನ ಬಿಸಿಲು ಚೆನ್ನಾಗಿ ಬೀಳತ್ತೆ" ಎಂದರು.

ಬಿಸಿಲಿನ ಮಾತು ನಿಜವೇ ಆಗಿತ್ತು. ಅದನ್ನು ಅಲ್ಲಗಳೆಯುವುದಿಲ್ಲ.

ಬೇಸಿಗೆಯಲ್ಲಿ ಆ ಹುಲ್ಲಿನ ಮೇಲೆಯೇ ಬಿಳಿ ಡೇರೆ ಹಾಕಿ ಬಿಲ್ಡರ್ ದೊಡ್ಡ ಸಮಾರಂಭ ಮಾಡಿದ. ವೈನು, ಸ್ಯಾಂಡ್‌ವಿಚ್, ಮಕ್ಕಳಿಗೆ ಬಲೂನು. ಪೋಸ್ಟಿನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗಿಟಾರ್ ಹಿಡಿದು ವೇದಿಕೆ ಹತ್ತಿದರು. ಈ ಮನೆಗಳಿಗಾಗಿ ಬಿಲ್ಡರ್ ಅವರಿಂದ ಒಂದು ಹೊಸ ಹಾಡು ಕಟ್ಟಿಸಿದ್ದಾನೆ ಎಂದು ನಾನು ತಿಳಿದೆ. ಸಿಡಿಯನ್ನೂ ಮಾಡಿಸಿದ್ದ, ಮುಖಪುಟದಲ್ಲಿ ಅವರ ಫೋಟೋ, ಕೆಳಗೆ ಅವರ ಹೆಸರು. ಎರಡು ಚರಣದ ಹಾಡು. ಒಂದರಲ್ಲಿ ಶಾಲೆಯಿಂದ ಬರುವ ದಾರಿ, ಬಿಳಿ ಹೂ ಬಿಟ್ಟ ಮುಳ್ಳುಪೊದೆ. ಇನ್ನೊಂದರಲ್ಲಿ ಹುಲ್ಲಿನ ಮೇಲೆ ಏರಿ ಹಾಡುವ ಹಕ್ಕಿ, ಬೇಲಿಯಾಚೆ ಹಸುಗಳು. ಕಣ್ಣು ಮುಚ್ಚಿದರೆ ಎಲ್ಲ ಕಾಣುತ್ತಿತ್ತು. ಸುತ್ತಲಿದ್ದ ಊರಿನವರು ಮುಗುಳ್ನಗುತ್ತಾ ತಲೆದೂಗುತ್ತಿದ್ದರು. ಎರಡನೆಯ ಚರಣ ಮುಗಿಯಿತು. ಅವರ ಬೆರಳು ಇನ್ನೊಂದು ಸುತ್ತು ತಂತಿಯ ಮೇಲೆ ಆಡಿತು, ಬಾಯಿ ತೆರೆಯಲಿಲ್ಲ. ಚಪ್ಪಾಳೆ ಬಿತ್ತು. ನಾನು ಎಲ್ಲರಿಗಿಂತ ಜೋರಾಗಿ ತಟ್ಟಿದೆ. ಒಂದು ವಾರದೊಳಗೆ ನಾವೂ ಸಹಿ ಹಾಕಿದೆವು, ಅಕ್ಕನವರೂ ಹಾಕಿದರು.

ಮನೆ ಕಟ್ಟಿ ಮುಗಿದು ನಾವು ಹೊಕ್ಕ ಮೇಲೆ ಮೊದಲ ಚಳಿಗಾಲ ಏನೂ ಆಗಲಿಲ್ಲ. ಎರಡು ಮನೆಯ ನಡುವೆ ಬೇಲಿಯನ್ನೇ ಹಾಕಿಸಲಿಲ್ಲ. ಅಕ್ಕನ ಮನೆಯ ಹುಳಿ ನಮಗೆ, ನಮ್ಮ ಮನೆಯ ಪಲ್ಯ ಅವರಿಗೆ. ಅಕ್ಕ ಹೇಳಿದ ದೇವರ ನಾಮವನ್ನು ಮಗಳು ಐರಿಷ್ ಧಾಟಿಯಲ್ಲಿ ಹೇಳುತ್ತಿದ್ದಳು. ಪೋಸ್ಟಿನವರು ಎರಡೂ ಮನೆಯಲ್ಲಿ ಕೋಡುಬಳೆ ತಿಂದು ಹೋಗುತ್ತಿದ್ದರು. ನನ್ನ ಬದುಕಿನಲ್ಲಿ ಅಷ್ಟು ಸುಖವಾದ ವರ್ಷ ಹಿಂದೆಯೂ ಇರಲಿಲ್ಲ, ಮುಂದೆಯೂ ಬರಲಿಲ್ಲ.

ಎರಡನೆಯ ಚಳಿಗಾಲದಲ್ಲಿ ಮೂರು ವಾರ ಮಳೆ ಹಿಡಿಯಿತು. ಅದು ಇಲ್ಲಿ ಹೊಸದೇನಲ್ಲ. ನೀರು ಬಂದದ್ದು ಮಳೆ ನಿಂತು ಎರಡು ದಿನವಾದ ಮೇಲೆ, ಆಕಾಶ ತಿಳಿಯಾಗಿದ್ದ ಒಂದು ಬೆಳಿಗ್ಗೆ. ಎಲ್ಲಿಂದಲೂ ಹರಿದು ಬರಲಿಲ್ಲ. ನೆಲದಿಂದಲೇ ಎದ್ದಿತು. ಮಕ್ಕಳು ಆಡುವ ಹುಲ್ಲಿನ ನಡುವೆ ಮೊದಲು ಒಂದು ತಟ್ಟೆಯಷ್ಟು ಮಿನುಗಿತು, ಕಾಫಿ ಸೋಸುವಷ್ಟರಲ್ಲಿ ಚಾಪೆಯಷ್ಟಾಯಿತು, ಮಧ್ಯಾಹ್ನಕ್ಕೆ ಕೆರೆಯಾಯಿತು. ಎಲ್ಲಿಂದಲೋ ನಾಲ್ಕು ಹಂಸ ಬಂದು, ಇದು ತಮ್ಮದೇ ಮನೆ ಎಂಬಂತೆ ಇಳಿದವು. ಮಗಳು ಕಿಟಕಿಗೆ ಮೂಗು ಒತ್ತಿ ಕೇಕೆ ಹಾಕಿದಳು. ಸಂಜೆಯ ಹೊತ್ತಿಗೆ ಹೊಸ್ತಿಲು ದಾಟಿ ಒಳಗೆ ಬಂತು. ಅಕ್ಕನ ಮನೆ ನಮ್ಮದಕ್ಕಿಂತ ಒಂದು ಮೆಟ್ಟಿಲು ತಗ್ಗಿನಲ್ಲಿತ್ತು. ಮಕ್ಕಳ ಪುಸ್ತಕ, ಹಾಸಿಗೆ, ಕಪಾಟಿನ ಕೆಳಗಿಟ್ಟಿದ್ದ ರೇಷ್ಮೆ ಸೀರೆಗಳು, ಎಲ್ಲ ತೇಲಿದವು. ದೇವರ ಪಟಗಳನ್ನು ಎದೆಗೆ ಅವಚಿಕೊಂಡು ಅಕ್ಕ ಟ್ರ್ಯಾಕ್ಟರಿನ ಹಿಂದೆ ಕುಳಿತು ಹೋದರು. ನಾನು ಸಿಕ್ಕಿದ್ದನ್ನು ಒದ್ದೆ ಸೂಟ್‌ಕೇಸಿಗೆ ತುರುಕಿಕೊಂಡು ಹಿಂದೆ ಹೋದೆ.

ಆಮೇಲೆ ತಿಳಿಯಿತು. ಸುಣ್ಣಕಲ್ಲಿನ ಈ ಸೀಮೆಯಲ್ಲಿ ಹೀಗೆ ಬಂದು ಹೋಗುವ ಕೆರೆಗಳು ಎಷ್ಟೋ ಇವೆಯಂತೆ. ಅವಕ್ಕೆ ಟರ್ಲಾಕ್ ಎನ್ನುತ್ತಾರೆ. ನೆಲದಡಿಯ ಬಿಲಗಳು ತುಂಬಿದಾಗ ನೀರು ಮೇಲೆ ಬರುತ್ತದೆ, ಬೇಸಿಗೆಗೆ ಬಂದ ದಾರಿಯಲ್ಲೇ ಇಳಿದುಹೋಗುತ್ತದೆ. ಕೆಲವು ವರ್ಷ ಬರುವುದೇ ಇಲ್ಲ.

ನಾವು ಆಸ್ಪತ್ರೆಯ ಕ್ವಾರ್ಟರ್ಸಿನ ಒಂದು ಕೋಣೆಯಲ್ಲಿದ್ದೆವು. ಒಂದು ವಾರ ಬಿಟ್ಟು ನಾನು ಕೆಲಸಕ್ಕೆ ಹೋದೆ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಸ್ಥಳೀಯ ರೇಡಿಯೋ ಹಾಕಿರುತ್ತಾರೆ. ಬೆಳಿಗ್ಗೆ ಯಾರು ಯಾರು ತೀರಿಕೊಂಡರು ಎಂದು ಓದುತ್ತಾರೆ, ಅದಾದ ಮೇಲೆ ಕೋರಿಕೆಯ ಹಾಡು. ಅಂದು ನೀರಿನಿಂದ ಮನೆ ಬಿಟ್ಟವರಿಗಾಗಿ ಒಂದು ಹಳೆಯ ಹಾಡು, ನಮ್ಮ ಊರಿನ ಪೋಸ್ಟ್‌ಮನ್ ಕಟ್ಟಿದ್ದು ಎಂದರು. ಯಾರೋ ಗಾಯಕ ಹಾಡಿದ್ದ, ಇಪ್ಪತ್ತು ವರ್ಷ ಹಿಂದಿನದು, ಅದೂ ಪರರ ಪಾಲಾದದ್ದೇ. ಮೊದಲ ಸಾಲಿಗೇ ಡೇರೆಯಲ್ಲಿ ಕೇಳಿದ ಹಾಡು ಎಂದು ಗುರುತು ಸಿಕ್ಕಿತು. ಅದೇ ಧಾಟಿ, ಅದೇ ಶಾಲೆಯ ದಾರಿ, ಅದೇ ಹಕ್ಕಿ. ಎರಡನೆಯ ಚರಣ ಮುಗಿಯಿತು. ಮೂರನೆಯದು ಶುರುವಾಯಿತು.

ಸತ್ತವರ ಹಬ್ಬ ಕಳೆದ ಮೇಲೆ ಹೊಲ ತನ್ನ ಬಾಗಿಲು ತೆರೆಯುತ್ತದೆ, ಕೆಳಗಿನ ನೀರು ಮೇಲಕ್ಕೆ ಬರುತ್ತದೆ. ಹಸುಗಳು ಗುಡ್ಡಕ್ಕೆ ಹೋಗುತ್ತವೆ, ಹಂಸಗಳು ಹೊಲಕ್ಕೆ ಬರುತ್ತವೆ. ನನ್ನ ತಾತ ಇಲ್ಲಿ ಗುಡಿಸಲು ಹಾಕಲಿಲ್ಲ, ನಾನೂ ಹಾಕುವುದಿಲ್ಲ, ಇದು ನೀರಿನ ಮನೆ... ಹೀಗೆ ಹೋಗುತ್ತಿತ್ತು.

ನನ್ನ ಪಕ್ಕದಲ್ಲಿ ಕುಳಿತಿದ್ದ ಹೆಂಗಸು, ನನ್ನ ಜೊತೆಯಲ್ಲೇ ಬಲೂನು ಪರೀಕ್ಷೆ ಮಾಡುವವಳು, ಟೋಸ್ಟ್ ತಿನ್ನುತ್ತಾ ಮೂರನೆಯ ಚರಣವನ್ನು ಸಣ್ಣ ದನಿಯಲ್ಲಿ ಜೊತೆಗೆ ಹಾಡುತ್ತಿದ್ದಳು. ಪೂರ್ತಿ ಬಾಯಿಪಾಠ. ನಿನಗೆ ಇದು ಗೊತ್ತಾ ಎಂದೆ. ಎಲ್ಲರಿಗೂ ಗೊತ್ತು, ಶಾಲೆಯಲ್ಲಿ ಹಾಡಿಸುತ್ತಿದ್ದರು ಎಂದಳು. ಹೇಳಬಾರದಿತ್ತಾ ಎಂದೆ. ಅವಳು ಕೆಂಪಾದಳು. ಬಿಲ್ಡರ್ ನೀರಿಗೇನೋ ಏರ್ಪಾಟು ಮಾಡಿರುತ್ತಾನೆ ಎಂದುಕೊಂಡಿದ್ದಳಂತೆ. ಗೃಹಪ್ರವೇಶಕ್ಕೆ ಹೂವಿನ ಕುಂಡ ತಂದುಕೊಟ್ಟವಳು ಅವಳು. ಇಡೀ ಊರು ನಮ್ಮ ಮನೆಗೆ ಬಂದು, ಗೋಡೆಯ ಬಣ್ಣ ಹೊಗಳಿ, ಚಹಾ ಕುಡಿದು ಹೋಗಿತ್ತು. ಆದರೂ ಊರಿನವರನ್ನು ನಾನು ಕೇಳಿರಲಿಲ್ಲ. ಕೇಳಿದ್ದು ಒಬ್ಬರನ್ನೇ.

ನೀರು ಇಳಿದ ಮೇಲೆ ಮನೆ ತೊಳೆಯಲು ಹೋಗಿದ್ದೆ. ಪೋಸ್ಟಿನವರು ರಬ್ಬರ್ ಬೂಟು ಹಾಕಿಕೊಂಡು ಕಾಗದ ಹಿಡಿದು ಗೇಟಿಗೆ ಬಂದರು. ನಾನು ಕಸಬರಿಗೆ ಕೆಳಗಿಡಲಿಲ್ಲ.

"ಮೂರನೇ ಚರಣ ಏನಾಯ್ತು?" ಎಂದೆ.

ಅವರು ಟೋಪಿ ತೆಗೆದರು. "ಬಿಲ್ಡರ್ ಬೇಡ ಅಂದ. ನೀರನ್ನ ಪೈಪ್ ಹಾಕಿ ನದಿಗೆ ಬಿಡ್ತೀವಿ, ಆ ಒಂದು ಚರಣ ತೆಗೆದುಬಿಡು ಅಂದ."

"ನೀವು ಅದನ್ನ ನಂಬಿದ್ರಾ?"

ಅವರು ಕೆಸರಿನಲ್ಲಿ ಬೂಟನ್ನು ಆಚೀಚೆ ಎಳೆದರು. ಹೌದು ಎಂದಿದ್ದರೆ ನಾನು ನಂಬುತ್ತಿದ್ದೆ, ನಂಬಲು ತಯಾರಾಗಿಯೇ ನಿಂತಿದ್ದೆ.

"ಇಲ್ಲ ಮಿಸೆಸ್. ನಂಬಲಿಲ್ಲ. ನನಗೆ ಆ ರೆಕಾರ್ಡ್ ಬೇಕಿತ್ತು. ಅದರ ಮೇಲೆ ನನ್ನ ಹೆಸರಿರತ್ತೆ ಅಂದ" ಎಂದರು.

ನಂಬಿಸಿ ಕತ್ತು ಕೊಯ್ದರು ಎನ್ನುತ್ತಾರಲ್ಲ, ಆ ಮಾತಿನ ಅರ್ಥ ನನಗೆ ಅಂದು ತಿಳಿಯಿತು. ಇನ್ನು ಮೇಲೆ ಕಾಗದವನ್ನು ಡಬ್ಬಿಗೆ ಹಾಕಿ ಹೋಗಿ, ಬಾಗಿಲು ತಟ್ಟಬೇಡಿ ಎಂದೆ. ಆಗಲಿ ಎಂದರು. ನಿವೃತ್ತರಾಗುವವರೆಗೂ ಹಾಗೆಯೇ ನಡೆದುಕೊಂಡರು. ನಾವು ಚರ್ಚಿನ ಹಿಂದಿನ ಬಾಡಿಗೆಯ ಅರ್ಧ ಮನೆಗೇ ಮರಳಿದೆವು. ಅಮ್ಮನ ಪಾರ್ಸೆಲ್ ಡಬ್ಬಿಯಲ್ಲಿ ಹಿಡಿಸದಿದ್ದರೆ ಹೊಸ್ತಿಲ ಮೇಲೆ, ಮಳೆ ತಾಗದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟಿರುತ್ತಿದ್ದರು. ಕಿಟಕಿಯ ಪರದೆಯ ಹಿಂದೆ ನಿಂತು ನೋಡುತ್ತಿದ್ದೆ. ಒಂದು ದಿನವೂ ಬಾಗಿಲು ತೆರೆಯಲಿಲ್ಲ.

ಬಿಲ್ಡರನ ಕಂಪನಿ ಬಾಗಿಲು ಹಾಕಿತು. ಆ ಮನೆಗಳನ್ನು ಕೊಳ್ಳುವವರು ಯಾರೂ ಬರಲಿಲ್ಲ. ಅಕ್ಕನ ಯಜಮಾನರಿಗೆ ದೇಶದ ಪೂರ್ವದ ತುದಿಯ ಡನ್‌ಡಾಕಿನ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸವಾಯಿತು, ಹೊರಟು ನಿಂತರು. ಅಕ್ಕ ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು. ವ್ಯಾನಿಗೆ ಸಾಮಾನು ಏರಿಸಿ ಆದ ಮೇಲೆ ನನ್ನ ಕೈ ಹಿಡಿದುಕೊಂಡು ಕೇಳಿದರು.

"ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ. ನಿನಗೆ ಆಗ ಏನೂ ಅನುಮಾನ ಬರ್ಲಿಲ್ವಾ?"

"ಇಲ್ಲ ಅಕ್ಕ. ಪೋಸ್ಟಿನವರು ಮೋಸ ಮಾಡಿಬಿಟ್ರು" ಎಂದೆ. ಅಕ್ಕ ನನ್ನ ತಲೆ ಸವರಿ ವ್ಯಾನು ಹತ್ತಿದರು. ಮೊದಮೊದಲು ಹಬ್ಬಕ್ಕೆ ಫೋನು, ಆಮೇಲೆ ಅದೂ ನಿಂತಿತು.

ಎಷ್ಟೋ ವರ್ಷದ ಮೇಲೆ ಪೋಸ್ಟಿನವರು ತೀರಿಹೋದ ಸುದ್ದಿಯನ್ನು ಅದೇ ರೇಡಿಯೋದಲ್ಲಿ ಕೇಳಿದೆ. ಹೋಗಬಾರದು ಎಂದುಕೊಂಡೇ ಕೋಟು ಹಾಕಿಕೊಂಡೆ. ಇಲ್ಲಿ ಸಾವಿನ ಮನೆಗೆ ಊರಿಗೆ ಊರೇ ಬಂದು, ಮನೆಯವರ ಕೈ ಕುಲುಕಿ ಮುಂದೆ ಹೋಗುತ್ತದೆ. ಅವರ ತಂಗಿ ನನ್ನ ಕೈ ಹಿಡಿದು ಬಿಡಲಿಲ್ಲ. ಹೊಲಿದ ಪಾರ್ಸೆಲ್ಲಿನ ಮಿಸೆಸ್ ಅಲ್ಲವೇ ಎಂದರು. ಆ ರೆಕಾರ್ಡ್ ಆದ ಮೇಲೆ ಅಣ್ಣ ಒಂದು ಹಾಡನ್ನೂ ಕಟ್ಟಲಿಲ್ಲ ಎಂದರು. ಏಕೆಂದು ನಾನು ಕೇಳಲಿಲ್ಲ. ಮುಖ ನೋಡಿದೆ. ಕೆಂಪು ಕೆನ್ನೆ ಬಿಳಿಚಿಕೊಂಡಿತ್ತು. ಕ್ಷಮಿಸಿದೆ ಎಂದು ಬಾಯಿಗೆ ಬರಲಿಲ್ಲ, ಅಳು ಮಾತ್ರ ಬಂತು.

ಆ ಸಂಜೆ ತಡೆಯಲಾಗದೆ ಡನ್‌ಡಾಕಿಗೆ ಫೋನು ಮಾಡಿದೆ. ಪೋಸ್ಟಿನವರು ಹೋಗಿಬಿಟ್ಟರು ಎಂದೆ. ಪಾಪ ಎಂದರು ಅಕ್ಕ. ಅವರ ದನಿಗೆ ವಯಸ್ಸಾಗಿತ್ತು. ಮಕ್ಕಳ ಮಾತು, ಮಂಡಿನೋವಿನ ಮಾತು ಆಯಿತು. ಇನ್ನೇನು ಇಡಬೇಕು ಎನ್ನುವಾಗ ಮತ್ತೆ ಅದನ್ನೇ, ಮೆಲ್ಲಗೆ ಕೇಳಿದರು.

"ಆಗ್ಲೇ ನಿನಗೆ ಸ್ವಲ್ಪವೂ ಗೊತ್ತಾಗ್ಲಿಲ್ವೇನೆ?"

"ಇಲ್ಲ ಅಕ್ಕ" ಎಂದೆ.

ಗೊತ್ತಾಗಿತ್ತು. ಪೋಸ್ಟಿನವರು ಬಿಸಿಲಿನ ಮಾತು ಹೇಳಿಹೋದ ಮಧ್ಯಾಹ್ನ ನಾನೊಬ್ಬಳೇ ಆ ಹುಲ್ಲುಗಾವಲಿಗೆ ಹೋಗಿದ್ದೆ. ಹಿಂಬದಿಯಲ್ಲಿ ಒಂದು ಹಳೆಯ ಕಲ್ಲಿನ ಗೋಡೆಯಿತ್ತು. ಅದರ ಬುಡದಿಂದ ನನ್ನ ಸೊಂಟದವರೆಗೆ ಕಲ್ಲಿನ ಮೇಲೆ ಕಪ್ಪು ಪಾಚಿ, ಅಲ್ಲಿಂದ ಮೇಲೆ ಬರೀ ಬಿಳಿ ಕಲ್ಲು. ನಡುವಿನ ಗೆರೆ ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಮಟ್ಟ. ನಾನು ದಿನವಿಡೀ ನೀರನ್ನು ನೋಡಿ ಸಂಬಳ ತೆಗೆದುಕೊಳ್ಳುವವಳು. ಏನಿದು ಎಂದು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದೆ. ಏನೋ ಮಾಡಿರುತ್ತಾರೆ ಎಂದುಕೊಂಡು ಮನೆಗೆ ಬಂದೆ. ಅಕ್ಕನ ಫೋನು ಬಂತು. ಅಕ್ಕ ಪಕ್ಕದ ಮನೆಯಲ್ಲಿ ಇರಬೇಕು ಎಂಬ ಆಸೆಯ ಮುಂದೆ ನನಗೆ ಬೇರೇನೂ ಕಾಣುತ್ತಿರಲಿಲ್ಲ. ಪೋಸ್ಟಿನವರು ಗ್ರಾಂಡ್ ಜಾಗ ಅಂದರು, ಬುಕ್ ಮಾಡಿಬಿಡಿ ಅಕ್ಕ ಎಂದೆ. ಗೋಡೆಯ ಮಾತು ಎತ್ತಲಿಲ್ಲ. ನನ್ನ ಗಂಡನಿಗೂ ಇಂದಿನವರೆಗೆ ಹೇಳಿಲ್ಲ.

ಮಗಳು ಸೂಟ್‌ಕೇಸ್ ಎಳೆದುಕೊಂಡು ಹೋಗಿ ಎರಡು ವಾರವಾಯಿತು. ಅಕ್ಕನ ನಂಬರು ಎರಡು ಸಲ ಒತ್ತಿ, ಗಂಟೆ ಹೊಡೆಯುವ ಮೊದಲೇ ಇಟ್ಟಿದ್ದೇನೆ. ಪೋಸ್ಟಿನವರ ಮೇಲಿನ ಕೋಪ ಇನ್ನೂ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಅವರು ನಾನು ಒಂದೇ ಸಲ ಕೇಳಿದ್ದಕ್ಕೆ, ಕೆಸರಿನಲ್ಲಿ ಟೋಪಿ ಹಿಡಿದು ನಿಂತು, ನಂಬಲಿಲ್ಲ ಎಂದು ಹೇಳಿದರು. ನನ್ನನ್ನು ಅಕ್ಕ ಎರಡು ಸಲ ಕೇಳಿದ್ದಾರೆ.